ರಕ್ತದಲ್ಲಿ ರಂಜಕ ಅಳೆದ ಡಾ. ಯಲ್ಲಾಪ್ರಗಡ ಸುಬ್ಬರಾವ್



ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವನ ಆರೋಗ್ಯ ಮತ್ತು ರೋಗ ಎಂಬ ಪಾಠವಿದೆ. ಅದರಲ್ಲಿ ಆನೆಕಾಲು ರೋಗ ಬರುತ್ತದೆ, ಕ್ಯಾನ್ಸರ್ ಬರುತ್ತದೆ. ದೇಹದ ರಕ್ಷಣಾ ಪಡೆ ತನ್ನ ದೇಹದ ಮೇಲೆಯೇ ತಿರುಗಿ ಬೀಳುವ ಆಟೋಇಮ್ಯೂನ್ ಕಾಯಿಲೆಯೂ ಬರುತ್ತದೆ. ಈ ಕೊನೆಯದಕ್ಕೆ ಪುಸ್ತಕ ಕೊಡುವ ಉದಾಹರಣೆ ರುಮಟಾಯ್ಡ್ ಆರ್ಥ್ರೈಟಿಸ್. ಪ್ರಥಮ ಪಿಯುಸಿಯಲ್ಲಿ ಎಟಿಪಿ ಎಂಬ ಮೂರಕ್ಷರವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಈ ನಾಲ್ಕಕ್ಕೂ ಸಂಬಂಧಪಟ್ಟ ಒಬ್ಬ ಭಾರತೀಯ ವಿಜ್ಞಾನಿ ಇದ್ದರು. ನಾನು ಓದಿದ ಪಾಠಗಳಲ್ಲಿ ಅವರ ಹೆಸರು ಕಂಡಿಲ್ಲ. ಆದರೆ ಅವರ ತಂಡ ತಯಾರಿಸಿದ ಒಂದು ಮಾತ್ರೆ ನಮ್ಮ ಹಂಪಾಪುರದ ಮನೆಗಳಲ್ಲೂ ಇದೆ. ಆದ್ದರಿಂದ ಈ ಸಂಚಿಕೆಗೆ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ಬಗ್ಗೆ ಬರೆಯೋಣ ಎಂದುಕೊಂಡೆ.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು ಭೀಮವರಂನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಈಗ ಆಂಧ್ರಪ್ರದೇಶದಲ್ಲಿದೆ. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದರು, ಅನಾರೋಗ್ಯದಿಂದ ಬೇಗ ಕೆಲಸ ಬಿಡಬೇಕಾಯಿತು. ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ಮನೆಯಲ್ಲಿ ಕಷ್ಟವಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟು ಓಡಿದ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುವುದು ಅವನ ಲೆಕ್ಕ. ತಾಯಿ ಅವನನ್ನು ವಾಪಸ್ಸು ಕರೆಸಿ ಮತ್ತೆ ಶಾಲೆಗೆ ಕೂರಿಸಿದರು. ಆ ತಾಯಿ ಅಂದು ಹಟ ಹಿಡಿಯದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಶಾಲೆಗೆ ವಾಪಸ್ಸು ಬಂದ ಮೇಲೂ ಎಲ್ಲ ಸಲೀಸಾಗಲಿಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಕಟ್ಟಿ ಪಾಸಾದರು. ನಮ್ಮಲ್ಲಿ ಸಪ್ಲಿಮೆಂಟರಿ ಕಟ್ಟಿ ಬಂದವರು ತಲೆ ತಗ್ಗಿಸಿಕೊಂಡು ಓಡಾಡುವುದನ್ನು ನೋಡಿದ್ದೇನೆ. ಅವರೆಲ್ಲ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಸಾಕು.

ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು. ಆ ದಿನಗಳಲ್ಲಿ ಅವರ ಮನಸ್ಸು ಸಂನ್ಯಾಸದ ಕಡೆ ಇತ್ತು. ರಾಮಕೃಷ್ಣ ಮಠ ಸೇರಬೇಕೆಂದಿದ್ದರು. ತಾಯಿ ಒಪ್ಪಲಿಲ್ಲ. ವೈದ್ಯನಾದರೂ ಜನರ ಸೇವೆ ಮಾಡಬಹುದಲ್ಲ ಎಂಬ ಸಲಹೆ ಮಠದ ಕಡೆಯಿಂದಲೇ ಬಂತು. ಹಾಗೆ ಅವರು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಅದು ಗಾಂಧೀಜಿ ವಿದೇಶಿ ಬಟ್ಟೆ ಬಿಡಿ ಎಂದು ಕರೆ ಕೊಟ್ಟಿದ್ದ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಗೂ ಖಾದಿ ಗೌನು ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್ ಅವರಿಗೆ ಇದು ಸಿಟ್ಟು ತರಿಸಿತು. ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರೂ ಸುಬ್ಬರಾವ್ ಅವರಿಗೆ ಪೂರ್ಣ ಎಂಬಿಬಿಎಸ್ ಪದವಿ ಸಿಗಲಿಲ್ಲ. ಎಲ್‌ಎಂಎಸ್ ಎಂಬ ಕೆಳದರ್ಜೆಯ ಅರ್ಹತೆ ಮಾತ್ರ ಸಿಕ್ಕಿತು. ಇದರಿಂದ ಮದ್ರಾಸಿನ ಸರ್ಕಾರಿ ವೈದ್ಯ ಸೇವೆಯ ಬಾಗಿಲು ಅವರಿಗೆ ತೆರೆಯಲಿಲ್ಲ. ಮದ್ರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಹೇಳಿಕೊಡುವ ಕೆಲಸಕ್ಕೆ ಸೇರಿದರು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಒಂದು ಕಾಯಿಲೆ. ಹೆಸರು ಸ್ಪ್ರೂ. ಇದು ಉಷ್ಣವಲಯದ ಕರುಳಿನ ರೋಗ. ತಿಂದದ್ದು ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ರಕ್ತ ಕಡಿಮೆಯಾಗುತ್ತ ಹೋಗುತ್ತದೆ. ಈ ರೋಗಕ್ಕೆ ಸುಬ್ಬರಾವ್ ತಮ್ಮ ಇಬ್ಬರು ಸಹೋದರರನ್ನು ಕಳೆದುಕೊಂಡರು. ಅವರಿಗೂ ಅದೇ ರೋಗ ಬಂತು. ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿ ಅವರ ಚಿಕಿತ್ಸೆಯಿಂದ ಬದುಕಿ ಉಳಿದರು. ಆದರೆ ರೋಗ ಯಾಕೆ ಬಂತು, ದೇಹದಲ್ಲಿ ಯಾವ ವಸ್ತು ಕಡಿಮೆಯಾಗಿ ರಕ್ತ ಹೀಗೆ ಬತ್ತಿತು ಎಂಬ ಪ್ರಶ್ನೆಗೆ ಆಗ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1922ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ಮಾವನವರೂ ಕಾಕಿನಾಡದ ಒಂದು ಧರ್ಮಸಂಸ್ಥೆಯೂ ಹಣ ಸಹಾಯ ಮಾಡಿದರು. ಹೆಂಡತಿ ಶೇಷಗಿರಿಯವರಿಗೆ ಕೆಲವು ವರ್ಷಗಳಲ್ಲಿ ಬರುತ್ತೇನೆ ಎಂದು ಹೇಳಿ ಹೋದವರು ಮತ್ತೆ ಊರಿಗೆ ಬರಲೇ ಇಲ್ಲ. ಈ ಭಾಗ ಓದುವಾಗ ನನಗೆ ಬೇಸರವಾಯಿತು. ದೊಡ್ಡ ಸಾಧನೆಯ ಹಿಂದೆ ಮನೆಯಲ್ಲಿ ಕಾದು ಕುಳಿತವರ ಪಾಲು ಎಷ್ಟೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಗಲ್ಫಿಗೆ ಹೋದವರ ದಾರಿ ಕಾಯುವ ಮನೆಗಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷ ಅಕ್ಟೋಬರ್ 26ರಂದು ಅವರು ಬಾಸ್ಟನ್ ನಗರ ತಲುಪಿದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ವೈದ್ಯಶಾಸ್ತ್ರದ ಡಿಪ್ಲೊಮಾ ಓದಿದರು. ಕೈಯಲ್ಲಿ ದುಡ್ಡಿರಲಿಲ್ಲ. ಅವರ ಭಾರತದ ಅರ್ಹತೆಗೆ ಅಲ್ಲಿ ವೈದ್ಯನ ಕೆಲಸವೂ ಸಿಗುವಂತಿರಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ಎತ್ತುವ, ತೊಳೆಯುವ ಕೆಲಸ ಮಾಡಿಕೊಂಡು ಓದಿದರು. ಡಾಕ್ಟರ್ ಎಂದು ಕರೆಸಿಕೊಳ್ಳಬೇಕಾದವರು ಆ ಕೆಲಸಕ್ಕೆ ನಾಚಿಕೊಳ್ಳಲಿಲ್ಲ.

ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡ್‌ನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ವಿಜ್ಞಾನಿಯ ಜೊತೆ ಸೇರಿದರು. ಅಲ್ಲಿ ಸಿಕ್ಕ ಕೆಲಸ ನೋಡಲು ಬಹಳ ಸಣ್ಣದು: ರಕ್ತದಲ್ಲಿ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವುದು. ರಂಜಕವೆಂದರೆ ಫಾಸ್ಫರಸ್. ಆಗ ಇದ್ದ ವಿಧಾನಗಳು ತೊಡಕಿನವು, ನಿಖರವೂ ಅಲ್ಲ. ಇವರಿಬ್ಬರೂ ಸುಲಭವಾದ ದಾರಿಯೊಂದನ್ನು ರೂಪಿಸಿದರು. ರಕ್ತದಿಂದ ಪ್ರೋಟೀನನ್ನು ತೆಗೆದು ಉಳಿದ ದ್ರವಕ್ಕೆ ಮಾಲಿಬ್ಡೇಟ್ ಎಂಬ ಲವಣವನ್ನು ಹಾಕಬೇಕು. ಅದು ಫಾಸ್ಫೇಟಿನ ಜೊತೆ ಸೇರಿಕೊಳ್ಳುತ್ತದೆ. ಆಮೇಲೆ ಅಪಕರ್ಷಕ ರಾಸಾಯನಿಕವೊಂದನ್ನು ಬೆರೆಸಿದರೆ ದ್ರವ ನೀಲಿಯಾಗುತ್ತದೆ. ನೀಲಿ ಎಷ್ಟು ಗಾಢವೋ ರಂಜಕ ಅಷ್ಟು ಹೆಚ್ಚು. ಈ ವಿಧಾನ 1925ರಲ್ಲಿ ಪ್ರಕಟವಾಯಿತು. ಫಿಸ್ಕೆ-ಸುಬ್ಬರಾವ್ ವಿಧಾನ ಎಂಬ ಹೆಸರಿನಲ್ಲಿ ಜೀವರಸಾಯನ ಓದುವವರು ಇಂದಿಗೂ ಅದನ್ನು ಕಲಿಯುತ್ತಾರೆ.

ಅಳತೆ ಕೈಗೆ ಬಂದ ಮೇಲೆ ಹೊಸ ಸಂಗತಿಗಳು ಕಾಣತೊಡಗಿದವು. ಸ್ನಾಯುವಿನ ರಸಕ್ಕೆ ಈ ಪರೀಕ್ಷೆ ಮಾಡಿದಾಗ ನೀಲಿ ಬಣ್ಣ ಒಮ್ಮೆಗೇ ಬರದೆ ನಿಧಾನವಾಗಿ ಏರುತ್ತಿತ್ತು. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತು ಎಂದು ದ್ರವ ಚೆಲ್ಲುತ್ತಿದ್ದರೇನೋ. ಇವರು ತಡವಾದದ್ದು ಯಾಕೆ ಎಂದು ಕೇಳಿದರು. ಸ್ನಾಯುವಿನಲ್ಲಿ ರಂಜಕವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುವ ಸಂಯುಕ್ತವೊಂದಿದೆ ಎಂದು ತಿಳಿಯಿತು. ಅದು ಫಾಸ್ಫೋಕ್ರಿಯಾಟಿನ್, 1927ರಲ್ಲಿ ಪ್ರಕಟವಾದ ಶೋಧ. ಎರಡು ವರ್ಷದ ನಂತರ, 1929ರಲ್ಲಿ, ಎಟಿಪಿ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಎಟಿಪಿಯನ್ನು ಕಂಡುಹಿಡಿದಿದ್ದರು. ಸ್ನಾಯುವಿನ ಶಕ್ತಿ ಲ್ಯಾಕ್ಟಿಕ್ ಆಮ್ಲದಿಂದ ಬರುತ್ತದೆ ಎಂದು ಅಲ್ಲಿಯವರೆಗೆ ನಂಬಿದ್ದ ಲೋಕ ತನ್ನ ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕಾಯಿತು. 1930ರಲ್ಲಿ ಸುಬ್ಬರಾವ್ ಅವರಿಗೆ ಪಿಎಚ್‌ಡಿ ಸಿಕ್ಕಿತು. ಖಾಯಂ ಹುದ್ದೆ ಮಾತ್ರ ಹಾರ್ವರ್ಡ್ ಅವರಿಗೆ ಕೊಡಲಿಲ್ಲ.

ರಕ್ತವನ್ನು ಅಳೆಯುವ ಈ ಕೆಲಸಕ್ಕೆ ಇಷ್ಟು ಮಹತ್ವ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಅದು ಅರ್ಥವಾದದ್ದು ನಮ್ಮ ಖಾಲಾ ಅವರ ರಕ್ತದ ರಿಪೋರ್ಟುಗಳನ್ನು ಓದುವಾಗ. ಖಾಲಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಐದಾರು ವರ್ಷಗಳ ಹಿಂದೆ ಅವರ ಎರಡೂ ಕೈಗಳ ಬೆರಳ ಗೆಣ್ಣುಗಳು ಊದಿಕೊಂಡವು. ಫಜರ್ ಹೊತ್ತಿಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ವುಜೂ ಮಾಡಲು ನಲ್ಲಿ ತಿರುಗಿಸುವುದೂ ಕಷ್ಟ, ಸಜ್ದಾದಿಂದ ಕೈ ಊರಿ ಏಳುವುದೂ ಕಷ್ಟ. ಬಿಸಿಲೇರಿದ ಮೇಲೆ ಬೆರಳು ಸ್ವಲ್ಪ ಸಡಿಲವಾಗುತ್ತಿತ್ತು. ಬ್ಲೌಸಿಗೆ ಹುಕ್ಕು ಹಾಕುವ ಕೆಲಸ ನಿಂತೇ ಹೋಯಿತು. ವಾಯು ಎಂದರು ಕೆಲವರು, ತಣ್ಣೀರಿನಲ್ಲಿ ಕೆಲಸ ಮಾಡಿ ಹೀಗಾಗಿದೆ ಎಂದರು ಇನ್ನು ಕೆಲವರು. ಎಣ್ಣೆ ಹಚ್ಚಿದ್ದಾಯಿತು, ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ನುಂಗಿದ್ದಾಯಿತು. ಎರಡು ವರ್ಷ ಹೀಗೆ ಕಳೆದ ಮೇಲೆ ಮೈಸೂರಿನಲ್ಲಿ ವೈದ್ಯರೊಬ್ಬರು ಕೈ ಹಿಡಿದು ಒಂದೊಂದೇ ಗೆಣ್ಣು ಒತ್ತಿ ನೋಡಿ ರಕ್ತಪರೀಕ್ಷೆ ಬರೆದುಕೊಟ್ಟರು. ರೋಗ ರುಮಟಾಯ್ಡ್ ಆರ್ಥ್ರೈಟಿಸ್.

ಆ ಚೀಟಿಯಲ್ಲಿದ್ದ ಪರೀಕ್ಷೆಗಳನ್ನು ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಮನೆಗೂ ಇಂಥ ರಿಪೋರ್ಟು ಬರಬಹುದು.

ಮೊದಲನೆಯದು ಇಎಸ್‌ಆರ್. ರಕ್ತವನ್ನು ಸಣ್ಣ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುತ್ತಾರೆ. ದೇಹದಲ್ಲಿ ಉರಿಯೂತ ಇದ್ದರೆ ಕೆಲವು ಪ್ರೋಟೀನುಗಳು ಹೆಚ್ಚುತ್ತವೆ, ಅದರಿಂದ ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ. ಎರಡನೆಯದು ಸಿಆರ್‌ಪಿ. ಉರಿಯೂತ ಇದ್ದಾಗ ಯಕೃತ್ತು ರಕ್ತಕ್ಕೆ ಬಿಡುವ ಪ್ರೋಟೀನು ಇದು, 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಗೊತ್ತಾದದ್ದು. ಬೆಂಕಿ ಎಷ್ಟು ಉರಿಯುತ್ತಿದೆ ಎಂದು ಇವೆರಡು ಹೇಳುತ್ತವೆ. ಯಾವ ಮನೆಗೆ ಬೆಂಕಿ ಬಿದ್ದಿದೆ ಎಂದು ಹೇಳುವುದಿಲ್ಲ. ಜ್ವರ ಬಂದರೂ, ಸೋಂಕಾದರೂ ಇವು ಏರಬಹುದು.

ಮೂರನೆಯದು ಆರ್‌ಎಫ್, ಅಂದರೆ ರುಮಟಾಯ್ಡ್ ಫ್ಯಾಕ್ಟರ್. ಪ್ರತಿಕಾಯಗಳು ರೋಗಾಣುವನ್ನು ಹಿಡಿಯಬೇಕು ಎಂದು ನಾವು ಓದಿದ್ದೇವೆ. ಈ ಆರ್‌ಎಫ್ ಕೂಡ ಪ್ರತಿಕಾಯವೇ, ಆದರೆ ಇದು ನಮ್ಮದೇ ಇನ್ನೊಂದು ಪ್ರತಿಕಾಯದ ಬಾಲವನ್ನು ಹಿಡಿಯುತ್ತದೆ. ಕಾವಲುಗಾರ ಕಾವಲುಗಾರನನ್ನೇ ಕಟ್ಟಿಹಾಕಿದ ಹಾಗೆ. ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಕುರಿಯ ರಕ್ತಕಣಗಳನ್ನು ಬಳಸಿ ಇದನ್ನು ಗುರುತಿಸಿದರು. ನಾಲ್ಕನೆಯದು ಆಂಟಿ-ಸಿಸಿಪಿ. ನಮ್ಮ ಪ್ರೋಟೀನುಗಳಲ್ಲಿರುವ ಆರ್ಜಿನಿನ್ ಎಂಬ ಅಮೈನೊ ಆಮ್ಲ ಕೆಲವೊಮ್ಮೆ ಸಿಟ್ರುಲಿನ್ ಆಗಿ ಬದಲಾಗುತ್ತದೆ. ರೋಗನಿರೋಧಕ ಪಡೆ ಅದನ್ನು ಪರಕೀಯ ಎಂದುಕೊಂಡು ಅದರ ವಿರುದ್ಧ ಪ್ರತಿಕಾಯ ಮಾಡಿಕೊಂಡರೆ ಈ ಪರೀಕ್ಷೆ ಪಾಸಿಟಿವ್ ಬರುತ್ತದೆ. ಕೀಲು ನೋವು ಶುರುವಾಗುವ ಎಷ್ಟೋ ವರ್ಷ ಮೊದಲೇ ಇದು ಕೆಲವರ ರಕ್ತದಲ್ಲಿ ಇರುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಈ ರೋಗದ ಅಪಾಯ ಹೆಚ್ಚು ಎಂಬುದೂ ಗೊತ್ತಾಗಿದೆ. ಹೊಗೆಸೊಪ್ಪು ಬೆಳೆಯುವ ನಮ್ಮ ಸೀಮೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

ಯಾವ ಒಂದು ಪರೀಕ್ಷೆಯೂ ತಾನೇ ತೀರ್ಪು ಕೊಡುವುದಿಲ್ಲ. ಆರ್‌ಎಫ್ ಇದ್ದೂ ರೋಗವಿಲ್ಲದವರು ಇದ್ದಾರೆ, ಇಲ್ಲದೆಯೂ ರೋಗ ಇರುವವರು ಇದ್ದಾರೆ. ಅದಕ್ಕೇ ವೈದ್ಯರು 28 ಕೀಲುಗಳನ್ನು ಒತ್ತಿ ಎಷ್ಟು ನೋಯುತ್ತವೆ, ಎಷ್ಟು ಊದಿವೆ ಎಂದು ಎಣಿಸಿ, ಅದಕ್ಕೆ ಇಎಸ್‌ಆರ್ ಇಲ್ಲವೇ ಸಿಆರ್‌ಪಿ ಸೇರಿಸಿ ರೋಗದ ಚಟುವಟಿಕೆಗೆ ಒಂದು ಅಂಕಿ ಕೊಡುತ್ತಾರೆ. ಮುಂದಿನ ಸಲ ಆ ಅಂಕಿ ಇಳಿದಿದ್ದರೆ ಔಷಧಿ ಕೆಲಸ ಮಾಡಿದೆ ಎಂದರ್ಥ. ಖಾಲಾ ಅವರ ಅಂಕಿ ಇಳಿದದ್ದು ಒಂದು ಹಳದಿ ಮಾತ್ರೆಯಿಂದ. ಅದರ ಹೆಸರು ಮೆಥೊಟ್ರೆಕ್ಸೇಟ್. ಈಗ ಸುಬ್ಬರಾವ್ ಅವರ ಕಥೆಗೆ ವಾಪಸ್ಸು ಬರುತ್ತೇನೆ, ಯಾಕೆಂದರೆ ಆ ಮಾತ್ರೆ ಹುಟ್ಟಿದ್ದು ಅವರು ಮುನ್ನಡೆಸಿದ ಪ್ರಯೋಗಾಲಯದಲ್ಲಿ.

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲಿ ಪ್ರಯೋಗಾಲಯ ಸೇರಿದರು. ಬೇಗನೆ ಅಲ್ಲಿನ ಸಂಶೋಧನೆಯ ನಿರ್ದೇಶಕರಾದರು. ಅಲ್ಲಿ ಅವರು ಕೈಗೆತ್ತಿಕೊಂಡದ್ದು ತಮ್ಮ ಹಳೆಯ ಪ್ರಶ್ನೆಯನ್ನೇ: ರಕ್ತ ಬತ್ತುವ ರೋಗಗಳನ್ನು ವಾಸಿಮಾಡುವ, ಯಕೃತ್ತಿನಲ್ಲಿಯೂ ಸೊಪ್ಪಿನಲ್ಲಿಯೂ ಇರುವ ಆ ವಸ್ತು ಯಾವುದು? ಅವರ ತಂಡ ಫೋಲಿಕ್ ಆಮ್ಲವನ್ನು ಬೇರ್ಪಡಿಸಿ, ಅದರ ರಚನೆ ತಿಳಿದು, 1945ರಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿತು. ಸ್ಪ್ರೂ ರೋಗಿಗಳಿಗೆ ಅದನ್ನು ಕೊಟ್ಟ ವೈದ್ಯರು ಅವರು ಚೇತರಿಸಿಕೊಳ್ಳುವುದನ್ನು ಕಂಡರು. ಇಬ್ಬರು ಸಹೋದರರನ್ನು ಕೊಂಡೊಯ್ದ ರೋಗಕ್ಕೆ ಮದ್ದು ಸಿಕ್ಕಿತ್ತು, ಅವರು ತೀರಿಕೊಂಡು ಸುಮಾರು ಕಾಲು ಶತಮಾನವಾದ ಮೇಲೆ. ಇಂದು ನಮ್ಮ ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇದೇ ಫೋಲಿಕ್ ಆಮ್ಲ ಇದೆ.

ಬಾಸ್ಟನ್ನಿನಲ್ಲಿ ಮಕ್ಕಳ ಆಸ್ಪತ್ರೆಯ ವೈದ್ಯ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಆದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಫೋಲಿಕ್ ಆಮ್ಲದ ಜಾತಿಯ ವಸ್ತುಗಳು ಈ ಕ್ಯಾನ್ಸರನ್ನು ಹೆಚ್ಚಿಸುವಂತೆ ಅವರಿಗೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲವನ್ನು ತಡೆಯುವ ವಸ್ತು ಸಿಕ್ಕರೆ ಕ್ಯಾನ್ಸರ್ ಇಳಿಯಬೇಕಲ್ಲವೇ? ಸುಬ್ಬರಾವ್ ಅವರ ತಂಡ ಅಂಥ ವಸ್ತುಗಳನ್ನು ತಯಾರಿಸಿ ಕೊಟ್ಟಿತು. ಅವುಗಳಲ್ಲಿ ಅಮಿನೊಪ್ಟೆರಿನ್ ಒಂದು, ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇನ್ನೊಂದು. 1948ರ ಜೂನ್‌ನಲ್ಲಿ ಫಾರ್ಬರ್ ತಮ್ಮ ವರದಿ ಪ್ರಕಟಿಸಿದರು. ಅಮಿನೊಪ್ಟೆರಿನ್ ಪಡೆದ 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿ ಇಳಿದಿತ್ತು. ಔಷಧಿಯಿಂದ ರಕ್ತದ ಕ್ಯಾನ್ಸರನ್ನು ಎದುರಿಸಬಹುದು ಎಂಬ ಭರವಸೆ ಅಲ್ಲಿಂದ ಶುರುವಾಯಿತು.

ಅದೇ ವರ್ಷಗಳಲ್ಲಿ ಅವರ ಪ್ರಯೋಗಾಲಯದಿಂದ ಇನ್ನೂ ಎರಡು ಔಷಧಿಗಳು ಬಂದವು. ಒಂದು ಡೈಈಥೈಲ್‌ಕಾರ್ಬಮಜಿನ್, ಅಂದರೆ ಡಿಇಸಿ. ನಮ್ಮ ರಾಜ್ಯದ ಕರಾವಳಿಯಲ್ಲೂ ಉತ್ತರದ ಜಿಲ್ಲೆಗಳಲ್ಲೂ ಆನೆಕಾಲು ರೋಗ ತಡೆಯಲು ಆರೋಗ್ಯ ಇಲಾಖೆ ನುಂಗಿಸಿದ ಮಾತ್ರೆ ಇದೇ. ಇನ್ನೊಂದು ಆರಿಯೊಮೈಸಿನ್. ಬೆಂಜಮಿನ್ ಡಗ್ಗರ್ ಎಂಬ ವಯಸ್ಸಾದ ಸಸ್ಯವಿಜ್ಞಾನಿ ಅಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ಕಂಡುಹಿಡಿದರು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆಂಟಿಬಯೋಟಿಕ್ ಅದು. ಇವೆಲ್ಲವನ್ನೂ ಸುಬ್ಬರಾವ್ ಒಬ್ಬರೇ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವು ತಂಡದ ಕೆಲಸ. ತಂಡ ಕಟ್ಟಿ, ಯಾವ ಕಡೆ ನಡೆಯಬೇಕೆಂದು ತೋರಿಸಿದವರು ಅವರು. ಹೆಸರಿಗಾಗಿ ಅವರು ಮುಂದೆ ಬಂದು ನಿಲ್ಲಲಿಲ್ಲ. ಹಾಗಾಗಿಯೇ ಹೆಸರು ಹಿಂದೆ ಉಳಿಯಿತು.

ಫಾರ್ಬರ್ ವರದಿ ಬಂದು ಎರಡೇ ತಿಂಗಳಲ್ಲಿ, 1948ರ ಆಗಸ್ಟ್ ಎರಡನೆಯ ವಾರದಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಭಾರತ ಸ್ವತಂತ್ರವಾಗಿ ಒಂದು ವರ್ಷ ತುಂಬಲು ಇನ್ನೂ ಕೆಲವೇ ದಿನಗಳಿದ್ದವು. ಖಾದಿ ತೊಟ್ಟು ಪದವಿ ಕಳೆದುಕೊಂಡವರು ಸ್ವತಂತ್ರ ದೇಶವನ್ನು ಕಣ್ಣಾರೆ ನೋಡಲಿಲ್ಲ.

ಮೆಥೊಟ್ರೆಕ್ಸೇಟ್ ಕೀಲಿನ ರೋಗಕ್ಕೆ ಬರುತ್ತದೆ ಎಂಬುದನ್ನೂ ಅವರು ನೋಡಲಿಲ್ಲ. 1948ರಲ್ಲೇ ನ್ಯೂಯಾರ್ಕಿನ ಹ್ಯಾರಿ ರೋಸ್ ಮತ್ತು ಸಂಗಡಿಗರು ರುಮಟಾಯ್ಡ್ ರೋಗಿಗಳ ರಕ್ತದಲ್ಲಿ ವಾಲರ್ ಕಂಡದ್ದನ್ನೇ ಮತ್ತೆ ಕಂಡರು, ಆರ್‌ಎಫ್ ಪರೀಕ್ಷೆ ಬಳಕೆಗೆ ಬಂತು. ಸುಬ್ಬರಾವ್ ತೀರಿಕೊಂಡ ಮರು ತಿಂಗಳು ಅಮೆರಿಕದ ಫಿಲಿಪ್ ಹೆಂಚ್ ಈ ರೋಗದ ಮಹಿಳೆಯೊಬ್ಬರಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಏಳಲಾಗದವರು ಎದ್ದು ನಡೆದರು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಎಲ್ಲರ ಕಣ್ಣು ಕಾರ್ಟಿಸೋನ್ ಮೇಲೆ ಇದ್ದಾಗ, 1951ರಲ್ಲಿ ಗುಬ್ನರ್ ಎಂಬ ವೈದ್ಯರು ಅಮಿನೊಪ್ಟೆರಿನ್ ಕೊಟ್ಟ ರುಮಟಾಯ್ಡ್ ರೋಗಿಗಳಲ್ಲಿ ಊತ ಇಳಿಯಿತು ಎಂದು ಬರೆದರು. ಹೆಚ್ಚು ಜನ ಗಮನಿಸಲಿಲ್ಲ. ಕಾರ್ಟಿಸೋನನ್ನು ವರ್ಷಗಟ್ಟಲೆ ಕೊಟ್ಟರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ ಎಂದು ಗೊತ್ತಾದ ಮೇಲೆ ವೈದ್ಯರು ಮತ್ತೆ ಮೆಥೊಟ್ರೆಕ್ಸೇಟ್ ಕಡೆ ತಿರುಗಿದರು. 1980ರ ದಶಕದಲ್ಲಿ ಸರಿಯಾದ ಪ್ರಯೋಗಗಳು ನಡೆದವು. 1988ರಲ್ಲಿ ಅಮೆರಿಕ ಸರ್ಕಾರ ಈ ರೋಗಕ್ಕೆ ಅದನ್ನು ಅನುಮೋದಿಸಿತು. ಸುಬ್ಬರಾವ್ ತೀರಿಕೊಂಡು ಆಗ 40 ವರ್ಷವಾಗಿತ್ತು. ಇಂದು ಲೋಕದೆಲ್ಲೆಡೆ ಈ ರೋಗಕ್ಕೆ ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮಾತ್ರೆ ಇದು.

ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಪ್ರಥಮ ಪಿಯುಸಿಯಲ್ಲಿ ಕಿಣ್ವಗಳ ಪಾಠದಲ್ಲಿ ಸ್ಪರ್ಧಾತ್ಮಕ ತಡೆ ಓದಿದ್ದು ನೆನಪಿರಬಹುದು: ನಿಜವಾದ ವಸ್ತುವಿನಂತೆಯೇ ಕಾಣುವ ನಕಲಿ ವಸ್ತು ಕಿಣ್ವದ ಜಾಗದಲ್ಲಿ ಹೋಗಿ ಕೂರುವುದು. ಕ್ಯಾನ್ಸರಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಮೆಥೊಟ್ರೆಕ್ಸೇಟ್ ಹಾಗೆ ಫೋಲಿಕ್ ಆಮ್ಲದ ಕಿಣ್ವವನ್ನು ಕಟ್ಟಿಹಾಕುತ್ತದೆ. ಹೊಸ ಕೋಶ ಹುಟ್ಟುವುದು ನಿಲ್ಲುತ್ತದೆ. ಕೀಲಿನ ರೋಗಕ್ಕೆ ಕೊಡುವ ಸಣ್ಣ ಪ್ರಮಾಣದಲ್ಲಿ ವಿಜ್ಞಾನಿಗಳು ಇನ್ನೊಂದು ದಾರಿಯನ್ನೂ ಗುರುತಿಸಿದ್ದಾರೆ. ಕೋಶಗಳ ಹೊರಗೆ ಅಡೆನೊಸಿನ್ ಎಂಬ ವಸ್ತು ಹೆಚ್ಚುತ್ತದೆ. ರೋಗನಿರೋಧಕ ಕೋಶಗಳ ಮೈಮೇಲೆ ಅಡೆನೊಸಿನ್‌ಗೆಂದೇ ಇರುವ ಗ್ರಾಹಕಗಳಿವೆ. ಗ್ರಾಹಕವೆಂದರೆ ಕೋಶದ ಬಾಗಿಲಿನ ಕರೆಗಂಟೆ ಎಂದುಕೊಳ್ಳಿ. ಅಡೆನೊಸಿನ್ ಹೋಗಿ ಆ ಗಂಟೆ ಒತ್ತಿದರೆ ಕೋಶ ಶಾಂತವಾಗುತ್ತದೆ, ಊತ ಇಳಿಯುತ್ತದೆ. ಎಟಿಪಿಯಲ್ಲಿರುವ ಮೊದಲ ಅಕ್ಷರ ಈ ಅಡೆನೊಸಿನ್ನೇ. ಮೂವತ್ತರ ಪ್ರಾಯದಲ್ಲಿ ರಂಜಕ ಅಳೆಯುತ್ತ ಎಟಿಪಿಯನ್ನು ಕಂಡವರು, ಐವತ್ತರ ಪ್ರಾಯದಲ್ಲಿ ತಮ್ಮ ತಂಡದಿಂದ ಬಂದ ಔಷಧಿ ಅದೇ ಎಟಿಪಿಯ ಒಂದು ತುಂಡಿನ ಮೂಲಕ ಕೆಲಸ ಮಾಡುತ್ತದೆ ಎಂದು ತಿಳಿಯದೆಯೇ ಹೋದರು.

ಈಗ ಇನ್ನೂ ಹೊಸ ಔಷಧಿಗಳು ಬಂದಿವೆ. ಉರಿಯೂತದ ಸುದ್ದಿ ಹೊತ್ತು ತಿರುಗುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಔಷಧಿಯನ್ನು 1990ರ ದಶಕದಲ್ಲಿ ಲಂಡನ್ನಿನ ಫೆಲ್ಡ್‌ಮನ್ ಮತ್ತು ಮೈನಿ ಈ ರೋಗಿಗಳಲ್ಲಿ ಪ್ರಯೋಗಿಸಿ ಯಶಸ್ವಿಯಾದರು. ಐಎಲ್-6 ಎಂಬ ಇನ್ನೊಂದು ಪ್ರೋಟೀನಿನ ಗ್ರಾಹಕವನ್ನೇ ಮುಚ್ಚಿಬಿಡುವ ಇಂಜೆಕ್ಷನ್ ಜಪಾನಿನಲ್ಲಿ ತಯಾರಾಯಿತು. ಇವು ದುಬಾರಿ. ಇವುಗಳನ್ನು ಕೊಡುವಾಗಲೂ ಎಷ್ಟೋ ಸಲ ಜೊತೆಯಲ್ಲಿ ಮೆಥೊಟ್ರೆಕ್ಸೇಟ್ ಇದ್ದೇ ಇರುತ್ತದೆ. ಬಡವರ ಕೈಗೆಟುಕುವ ಬೆಲೆಯಲ್ಲಿ ಸಿಗುವುದೂ ಇದೇ.

ಇಲ್ಲಿ ಒಂದು ಮುಖ್ಯವಾದ ಮಾತು, ದಯವಿಟ್ಟು ಇದನ್ನು ಮನೆಯವರಿಗೂ ಓದಿ ಹೇಳಿ. ಕೀಲಿನ ರೋಗಕ್ಕೆ ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಬಿಪಿ ಮಾತ್ರೆಯ ಹಾಗೆ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಕ್ಕೇ ಅಪಾಯವಾಗುತ್ತದೆ. ಲೋಕದ ಅನೇಕ ಕಡೆ ಹೀಗೆ ಸಾವುಗಳಾಗಿವೆ. ಖಾಲಾ ಅವರಿಗೆ ಶುಕ್ರವಾರ ಎಂದು ವೈದ್ಯರು ಗೊತ್ತುಮಾಡಿದ್ದಾರೆ. ಜುಮಾ ದಿನವನ್ನು ಯಾರೂ ಮರೆಯುವುದಿಲ್ಲ. ಆದರೂ ನಾನು ಕ್ಯಾಲೆಂಡರಿನ ಶುಕ್ರವಾರಗಳಿಗೆಲ್ಲ ಸುತ್ತು ಹಾಕಿ, ಆ ಮಾತ್ರೆಯ ಡಬ್ಬಿಯನ್ನು ಬೇರೆಯೇ ಇಟ್ಟಿದ್ದೇನೆ. ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ ಬರೆದುಕೊಟ್ಟಿದ್ದಾರೆ, ಮೆಥೊಟ್ರೆಕ್ಸೇಟಿನ ತೊಂದರೆ ತಗ್ಗಲಿ ಎಂದು. ಎರಡೂ ಸುಬ್ಬರಾವ್ ಅವರ ಪ್ರಯೋಗಾಲಯದ ಮಕ್ಕಳೇ: ಒಂದು ಕಟ್ಟುತ್ತದೆ, ಇನ್ನೊಂದು ಬಿಡಿಸುತ್ತದೆ. ಆಗಾಗ ರಕ್ತಕಣಗಳ ಎಣಿಕೆ, ಯಕೃತ್ತಿನ ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಲೇಬೇಕು. ಗರ್ಭಿಣಿಯರು, ಮಗು ಬೇಕೆಂದಿರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ರಮಜಾನ್ ತಿಂಗಳಲ್ಲಿ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಎಂದು ವೈದ್ಯರನ್ನೇ ಕೇಳಿ, ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ.

ಇನ್ನೊಂದು ಮಾತು. ಈ ರೋಗ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಮುದ್ದೆ ತಿರುವುವ, ಬಟ್ಟೆ ಒಗೆಯುವ, ಹತ್ತಿ ಬಿಡಿಸುವ ಕೈಗಳಿಗೇ ಬರುತ್ತದೆ. ಮನೆಯಲ್ಲಿ ಎಲ್ಲರ ಕೆಲಸ ಮುಗಿದ ಮೇಲೆ ತಮ್ಮ ನೋವು ಎಂದು ಅವರು ಸುಮ್ಮನಿರುತ್ತಾರೆ. ಕೀಲು ಒಮ್ಮೆ ಸವೆದು ಸೊಟ್ಟಗಾದರೆ ಯಾವ ಮಾತ್ರೆಯೂ ಅದನ್ನು ನೆಟ್ಟಗೆ ಮಾಡುವುದಿಲ್ಲ. ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಶುರುವಾದರೆ ಕೈ ಉಳಿಯುತ್ತದೆ. ಬೆಳಿಗ್ಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಬೆರಳು ಬಿಗಿದುಕೊಂಡಿದ್ದರೆ, ಎರಡೂ ಕೈಯ ಗೆಣ್ಣುಗಳು ಊದಿ ಆರು ವಾರ ಕಳೆದರೂ ಇಳಿಯದಿದ್ದರೆ, ಅಮ್ಮಿಯಾಗಲಿ, ನಾನಿಯಾಗಲಿ, ಪಕ್ಕದ ಮನೆಯವರಾಗಲಿ, ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸುಬ್ಬರಾವ್ ಅವರ ಜನ್ಮಶತಮಾನೋತ್ಸವದ ನೆನಪಿಗೆ 1995ರಲ್ಲಿ ಭಾರತ ಸರ್ಕಾರ ಅಂಚೆಚೀಟಿ ತಂದಿತು. ಶಿಲೀಂಧ್ರವೊಂದಕ್ಕೆ ವಿಜ್ಞಾನಿಗಳು ಸುಬ್ಬರೊಮೈಸಿಸ್ ಎಂದು ಹೆಸರಿಟ್ಟಿದ್ದಾರೆ. ನೊಬೆಲ್ ಸಿಗಲಿಲ್ಲ. ಮನುಷ್ಯ ಹೋದ ಮೇಲೂ ಜನರಿಗೆ ಉಪಯೋಗಕ್ಕೆ ಬರುತ್ತಲೇ ಇರುವ ಜ್ಞಾನಕ್ಕೆ ನಮ್ಮ ದೀನಿನಲ್ಲಿ ಎಷ್ಟು ದೊಡ್ಡ ಸ್ಥಾನವಿದೆ ಎಂದು ಮದರಸಾದಲ್ಲಿ ಕಲಿತಿದ್ದೇವೆ. ಪ್ರತಿ ರೋಗಕ್ಕೂ ಮದ್ದಿದೆ, ಹುಡುಕುವುದು ಮನುಷ್ಯನ ಪಾಲಿನ ಕೆಲಸ ಎಂಬ ನಂಬಿಕೆಯಲ್ಲೂ ಬೆಳೆದಿದ್ದೇವೆ. ಆ ಹುಡುಕಾಟ ಎಲ್ಲಿಂದ ಶುರುವಾಗುತ್ತದೆ ಎಂದು ಸುಬ್ಬರಾವ್ ಅವರ ಬದುಕು ತೋರಿಸಿಕೊಟ್ಟಿದೆ. ಒಂದು ಹನಿ ರಕ್ತ, ಒಂದು ನೀಲಿ ಬಣ್ಣ, ಅದು ತಡವಾಗಿ ಯಾಕೆ ಬಂತು ಎಂಬ ಒಂದು ಪ್ರಶ್ನೆ. ನಮ್ಮ ಪ್ರಯೋಗಾಲಯದಲ್ಲಿ ಟೈಟ್ರೇಷನ್ ಮಾಡುವಾಗ ಪಕ್ಕದವರ ರೀಡಿಂಗ್ ನೋಡಿ ಬರೆದುಕೊಳ್ಳುವ ಆಸೆ ಯಾರಿಗಾದರೂ ಬರಬಹುದು. ಆ ಹೊತ್ತಿನಲ್ಲಿ ಮೂರನೆಯ ಸಲಕ್ಕೆ ಮೆಟ್ರಿಕ್ ಪಾಸಾದ ಭೀಮವರಂನ ಹುಡುಗನನ್ನು ನೆನೆಸಿಕೊಂಡು ಬ್ಯುರೆಟ್ಟಿನ ಗೆರೆಯನ್ನು ನಾವೇ ಒಮ್ಮೆ ಸರಿಯಾಗಿ ನೋಡೋಣ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ